ರ‍್ಯಾಂಪ್ ಏರಿದ ರದ್ದಿ ಕಾಗದ

ಪುಣೆಯಲ್ಲಿ ಗಣೇಶೋತ್ಸವ ಬಂತೆಂದರೆ ಅಪಾರ್ಟ್‌ಮೆಂಟ್ ಸೊಸೈಟಿಗಳಲ್ಲಿ ದಿನಾ ಸಂಜೆ ಒಂದಲ್ಲ ಒಂದು ಕಾರ್ಯಕ್ರಮ. ಅಂತ್ಯಾಕ್ಷರಿ, ಮೋದಕ ಸ್ಪರ್ಧೆ, ಮಕ್ಕಳ ನೃತ್ಯ. ವಾಕಡ್‌ನಲ್ಲಿರುವ ನಮ್ಮ ಸೊಸೈಟಿಯಲ್ಲಿ ಕಳೆದ ವರ್ಷ ಈ ಪಟ್ಟಿಗೆ ಕಾಗದದ ಉಡುಪುಗಳ ಫ್ಯಾಷನ್ ಶೋ ಸೇರಿಕೊಂಡಿತು. ಟಿಕೆಟ್ 200 ರೂಪಾಯಿ. ಬಂದ ಹಣ ಹಿಂದಿನ ರಸ್ತೆಯ ಕಟ್ಟಡ ಕೆಲಸಗಾರರ ಮಕ್ಕಳ ನೋಟ್‌ಬುಕ್ಕಿಗೆ, ಶಾಲೆಗೆ ಹೋಗುವ ಆಟೊ ಬಾಡಿಗೆಗೆ. ಅಲ್ಲಿನ ತಗಡಿನ ಶೆಡ್‌ಗಳ ಮುಂದೆ ಹಾದುಹೋದರೆ ಕಿವಿಗೆ ಬೀಳುವುದು ಯಾದಗಿರಿ, ಕಲಬುರಗಿ ಕಡೆಯ ಕನ್ನಡ. ಹೀಗಾಗಿ ಸೊಸೈಟಿಯಲ್ಲಿರುವ ನಾಲ್ಕು ಕನ್ನಡದ ಮನೆಗಳ ಮೇಲೆ ಜವಾಬ್ದಾರಿ ತುಸು ಹೆಚ್ಚೇ ಬಿತ್ತು.

‘ದುಡ್ಡು ಕೊಟ್ಟರೆ ಮುಗಿಯಿತಲ್ಲ, ಈ ವೇಷ ಯಾಕೆ?’ ಎಂದು ನಮ್ಮ ಮನೆಯವರೇ ಕೇಳಿದರು. ಸುಮ್ಮನೆ ಡಬ್ಬಿ ಹಿಡಿದು ಹೋದರೆ ಬಾಗಿಲು ತೆರೆಯುವವರು ಕಡಿಮೆ. ಹನ್ನೆರಡು ಮನೆಯವರು ಮೂರು ವಾರ ಕೂತು ಉಡುಪು ಮಾಡಿದರೆ ಅವರ ನೆಂಟರು, ಆಫೀಸಿನವರು ಟಿಕೆಟ್ ಕೊಳ್ಳುತ್ತಾರೆ. ಜತೆಗೆ ಹಳೆಯ ಪತ್ರಿಕೆ, ಖಾಕಿ ಕಾಗದ, ಟೇಪು ಬಿಟ್ಟರೆ ಬೇರೆ ಖರ್ಚಿಲ್ಲ. ಕೂಡಿಸಿದ ಹಣವನ್ನು ಕಾರ್ಯಕ್ರಮವೇ ತಿಂದುಹಾಕುವುದಿಲ್ಲ.

ಕಾಗದ ಉಡುವುದು ಹೊಸ ವಿಷಯವೇನಲ್ಲ. 1966ರಲ್ಲಿ ಅಮೆರಿಕದ ಸ್ಕಾಟ್ ಪೇಪರ್ ಕಂಪನಿ ತನ್ನ ಟಿಶ್ಯೂ, ನ್ಯಾಪ್‌ಕಿನ್‌ಗಳ ಪ್ರಚಾರಕ್ಕೆಂದು ಒಂದೂಕಾಲು ಡಾಲರ್‌ಗೆ ಕಾಗದದ ಫ್ರಾಕ್ ಹೊರತಂದಿತು. ಸುಮಾರು 5 ಲಕ್ಷ ಫ್ರಾಕ್‌ಗಳು ಹೋದವು. ಕ್ಯಾಂಪ್‌ಬೆಲ್ ಸೂಪ್ ಕಂಪನಿಯೂ ಸೂಪ್ ಡಬ್ಬಿಯ ಚಿತ್ರ ಅಚ್ಚು ಹಾಕಿದ ಉಡುಪು ಮಾರಿತು. ಸ್ಕಾಟ್‌ನ ಫ್ರಾಕ್ ಬರೀ ಕಾಗದದ್ದಾಗಿರಲಿಲ್ಲ, ಒಳಗೆ ರೇಯಾನ್ ನೂಲಿನ ಬಲೆ ಇತ್ತು. ಆ ಹುಚ್ಚು ಎರಡು ಮೂರು ವರ್ಷದಲ್ಲಿ ಇಳಿಯಿತು. ಜಪಾನಿನಲ್ಲಿ ಮಾತ್ರ ಶತಮಾನಗಳಿಂದ ‘ಕಾಮಿಕೊ’ ಎಂಬ ಕಾಗದದ ಬಟ್ಟೆ ಇದೆ. ಗಟ್ಟಿ ಕೈಕಾಗದಕ್ಕೆ ಒಂದು ಗೆಡ್ಡೆಯ ಗಂಜಿ ಬಳಿದು, ಕೈಯಲ್ಲಿ ಮತ್ತೆ ಮತ್ತೆ ಹಿಸುಕಿ, ಮೆತ್ತಗೆ ಮಾಡಿ ಹೊಲಿಯುತ್ತಾರೆ. ನಮಗೆ ದಾರಿ ತೋರಿಸಿದ್ದು ಇದೇ. ಅಂಗಡಿಯ ಖಾಕಿ ಕಾಗದವನ್ನು ಮುದುಡಿ, ಬಿಡಿಸಿ, ಮತ್ತೆ ಮುದುಡಿ, ಹೀಗೆ ಮೂವತ್ತು ನಲವತ್ತು ಸಲ ಮಾಡಿದರೆ ಅದರ ಬಿಗುವು ಹೋಗಿ, ಹಳೆಯ ಖಾದಿಯಂತೆ ಮೈಮೇಲೆ ಇಳಿಬೀಳುತ್ತದೆ.

ನಾನು ಭದ್ರಾವತಿಯವಳು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ವಾಸನೆಯಲ್ಲೇ ಬೆಳೆದವಳು. ಅಲ್ಲಿ ಕೆಲಸಕ್ಕಿದ್ದ ಅಪ್ಪ ಹೇಳುತ್ತಿದ್ದ ಮಾತು ಇಲ್ಲಿ ಉಪಯೋಗಕ್ಕೆ ಬಂತು: ಯಂತ್ರದ ಮೇಲೆ ಕಾಗದ ಓಡುವ ದಿಕ್ಕಿಗೇ ಅದರ ನಾರುಗಳು ಹೆಚ್ಚಾಗಿ ಮಲಗಿರುತ್ತವೆ. ದಿನಪತ್ರಿಕೆಯ ಹಾಳೆಯನ್ನು ಮೇಲಿಂದ ಕೆಳಗೆ ಹರಿದರೆ ನೇರ ಪಟ್ಟಿ ಬರುತ್ತದೆ, ಅಡ್ಡಡ್ಡ ಹರಿದರೆ ಅಂಕುಡೊಂಕು. ನೆರಿಗೆಯ ಮಡಿಕೆ ನಾರಿನ ದಿಕ್ಕಿಗೇ ಇದ್ದರೆ ಚೊಕ್ಕವಾಗಿ ಕೂರುತ್ತದೆ, ಅಡ್ಡ ಬಿದ್ದರೆ ಒಡೆಯುತ್ತದೆ. ಲಂಗದ ಹಾಳೆಗಳನ್ನೆಲ್ಲ ನಿಲುವಿಗೇ ಹಿಡಿದದ್ದು ಇದಕ್ಕೆ.

ಉಳಿದ ವಿದ್ಯೆ ಕಲಿಸಿದವರು ಗೇಟಿನ ಪಕ್ಕದ ಟೈಲರ್ ಕಾಕಾ, ಇಂಡಿ ಕಡೆಯವರು. ‘ಅಕ್ಕಾರ, ಅರಬಿ ಮೈ ಹೇಳಿದ್ದು ಕೇಳ್ತದ್ರಿ. ಕಾಗದ ಕೇಳಂಗಿಲ್ಲ. ಮೈಗಿ ಜಾಗಾ ಬಿಟ್ಟು ಹೊಲೀಬೇಕು’ ಎಂದರು. ಅವರ ಪರೀಕ್ಷೆ ಮೂರೇ: ಕೈ ಎತ್ತು, ಕುಳಿತು ಏಳು, ಒಂದು ಮೆಟ್ಟಿಲು ಹತ್ತು. ಮಾದರಿ ಉಡುಪುಗಳೆಲ್ಲ ಈ ಮೂರರಲ್ಲೇ ಹರಿದವು: ಕಂಕುಳಲ್ಲಿ, ಬೆನ್ನ ಕೆಳಗೆ, ಮೊಣಕಾಲ ಪಕ್ಕದಲ್ಲಿ. ಕಂಕುಳನ್ನು ಹೊಲಿಯದೆ ತೆರೆದೇ ಬಿಟ್ಟೆವು. ಲಂಗವನ್ನು ಸುತ್ತಿ ಕಟ್ಟುವಂತೆ ಮಾಡಿ, ಒಂದಂಚು ಇನ್ನೊಂದರ ಮೇಲೆ ಒಂದು ಗೇಣು ಬರುವಂತೆ ನೋಡಿಕೊಂಡೆವು. ಜಗ್ಗುವ ಕಡೆಗೆಲ್ಲ ಒಳಗಿನಿಂದ ಬಟ್ಟೆಯ ಟೇಪು. ಮಷೀನಿನಲ್ಲಿ ಸಣ್ಣ ಸೂಜಿ, ಉದ್ದ ಹೊಲಿಗೆ. ಹೊಲಿಗೆ ಒತ್ತಾದರೆ ಅಂಚೆಚೀಟಿಯ ತೂತುಗಳಂತಾಗಿ ಕಾಗದ ಅಲ್ಲೇ ಕಿತ್ತುಬರುತ್ತದೆ.

ಇಷ್ಟರಲ್ಲಿ ಸೊಸೈಟಿಯ ಕಮಿಟಿಯಲ್ಲಿ ಒಂದು ಮಾತು ಬಂತು: ಶೆಡ್ಡಿನ ಮಕ್ಕಳೂ ನಡೆಯಲಿ, ಅವರನ್ನು ನೋಡಿದರೆ ಜನ ಇನ್ನಷ್ಟು ಕೊಡುತ್ತಾರೆ. ಎಂಟು ವರ್ಷದ ಹುಡುಗಿಯೊಬ್ಬಳು ಕೇಳುವ ಮೊದಲೇ ತಯಾರಾಗಿದ್ದಳು. ಅವಳ ತಾಯಿ ಅದೇ ಕಟ್ಟಡದಲ್ಲಿ ಇಟ್ಟಿಗೆ ಹೊರುವಾಕೆ. ಅಳತೆ ತೆಗೆಯುವಾಗ ಪಕ್ಕದಲ್ಲಿ ನಿಂತು ನೋಡುತ್ತಿದ್ದವಳು ಮೆಲ್ಲಗೆ ಕೇಳಿದಳು: ‘ಅಕ್ಕಾರೆ, ನಡು ಹಾದ್ಯಾಗ ಹರದ್ರ ಮಂದಿ ನಗ್ತಾರಲ್ರಿ?’

ನಮ್ಮಲ್ಲಿ ಯಾರಿಗೂ ಹೊಳೆಯದಿದ್ದ ಪ್ರಶ್ನೆ ಅದು. ನಮ್ಮ ಮಕ್ಕಳ ಕಾಗದದ ಅಂಗಿ ಹರಿದರೆ ಅದೊಂದು ತಮಾಷೆ, ಮೊಬೈಲಿನಲ್ಲಿ ಒಂದು ರೀಲ್. ಹರಿದ ಬಟ್ಟೆ ನಿತ್ಯದ ಚಿಂತೆಯಾಗಿರುವ ಮನೆಯ ಹುಡುಗಿಗೆ ಇನ್ನೂರು ಜನರ ಮುಂದೆ ಬಟ್ಟೆ ಹರಿಯುವುದೆಂದರೆ ಬೇರೆಯೇ. ಅವಳ ಮುಖ ತೋರಿಸಿ ಹಣ ಕೂಡಿಸುತ್ತ, ಆ ಅಪಾಯವನ್ನೂ ಅವಳ ಮೇಲೆಯೇ ಹೊರಿಸುವುದು ಯಾವ ನ್ಯಾಯ?

ಆ ಸಂಜೆ ಕಮಿಟಿಯವರ ಮುಂದೆ ಮೂರು ಮಾತು ಇಟ್ಟೆವು. ಒಂದು, ಹುಡುಗಿ ಮೊದಲು ಹೊಸ ಹತ್ತಿಯ ಫ್ರಾಕ್ ತೊಡುತ್ತಾಳೆ, ಕಾಗದ ಅದರ ಮೇಲೆ. ಫ್ರಾಕ್ ಅವಳದ್ದೇ. ಎರಡು, ‘ಬಡ ಮಕ್ಕಳು’ ಎಂದು ಮೈಕಿನಲ್ಲಿ ಹೇಳುವಂತಿಲ್ಲ; ಬೇರೆಯವರಂತೆ ಅವಳದ್ದೂ ಒಂದು ನಂಬರು, ಎಂಟನೇ ಉಡುಪು. ಮೂರು, ತಾಯಿ ಒಪ್ಪದೆ ಫೋಟೊ ಇಲ್ಲ. ಸ್ವಲ್ಪ ಚರ್ಚೆಯಾಯಿತು. ‘ಹೇಳದಿದ್ದರೆ ಜನಕ್ಕೆ ಗೊತ್ತಾಗೋದು ಹೇಗೆ?’ ಎಂದರು ಒಬ್ಬರು. ಹಣ ಯಾವುದಕ್ಕೆಂದು ಟಿಕೆಟ್ಟಿನ ಮೇಲೆಯೇ ಅಚ್ಚಾಗಿದೆ, ಹುಡುಗಿಯ ಮೇಲೆ ಬರೆಯಬೇಕಾಗಿಲ್ಲ ಎಂದೆವು. ಕೊನೆಗೆ ಒಪ್ಪಿದರು. ಕಾಕಾ ಹಳದಿ ಬಟ್ಟೆ ತಂದು ಫ್ರಾಕ್ ಹೊಲಿದರು. ಕೂಲಿ ತೆಗೆದುಕೊಳ್ಳಲಿಲ್ಲ.

ಶೋ ದಿನ ಮಧ್ಯಾಹ್ನದಿಂದ ಮಳೆ. ಗಾಳಿಯ ಪಸೆಗೆ ಪತ್ರಿಕೆಯ ನೆರಿಗೆಗಳು ಜೋಲತೊಡಗಿದವು, ಮಾಸ್ಕಿಂಗ್ ಟೇಪು ಒಂದೊಂದೇ ಬಿಟ್ಟುಕೊಂಡಿತು. ಕ್ಲಬ್‌ಹೌಸಿನಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದು ಓಡಾಡಿದ್ದೇ ಓಡಾಡಿದ್ದು. ಉದ್ಘಾಟನೆಯ ದೀಪವನ್ನು ಗಣಪತಿಯ ಬಳಿಯೇ ಹಚ್ಚಿಸಿ, ಕಾಗದ ತೊಟ್ಟವರ್ಯಾರೂ ಆ ಕಡೆ ಸುಳಿಯದಂತೆ ನೋಡಿಕೊಂಡೆವು. ಅಚ್ಚಿನ ಮಸಿ ಮೈಗೆ ಹತ್ತದಿರಲೆಂದು ಎಲ್ಲರೂ ಒಳಗೆ ಟಿ-ಶರ್ಟ್, ಲೆಗ್ಗಿಂಗ್ಸ್ ತೊಟ್ಟಿದ್ದರು.

ಹರಿದದ್ದು ಒಂದೇ. ಸಾಫ್ಟ್‌ವೇರ್ ಮ್ಯಾನೇಜರ್ ಒಬ್ಬರ ಷೇರುಪೇಟೆ ಪುಟಗಳ ಕೋಟು, ಬೆನ್ನಿನುದ್ದಕ್ಕೂ. ಜನ ನಕ್ಕರು, ಅವರೂ ತಿರುಗಿ ಬೆನ್ನು ತೋರಿಸಿ ನಕ್ಕರು. ಎಂಟನೇ ಉಡುಪು ಮೆಟ್ಟಿಲು ಹತ್ತಿತು, ಎರಡೂ ಕೈ ಎತ್ತಿತು, ತಿರುಗಿ ಬಂತು. ಒಂದು ನೆರಿಗೆಯೂ ಬಿಡಲಿಲ್ಲ. ತಾಯಿ ಹಿಂದಿನ ಸಾಲಿನಲ್ಲಿ ನಿಂತೇ ನೋಡಿದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

ಮರುದಿನ ಪತ್ರಿಕೆಯ ಉಡುಪುಗಳು ರದ್ದಿಯವನ ತಕ್ಕಡಿಗೆ ಹೋದವು. ಖಾಕಿ ಕಾಗದದವನ್ನು ಬಿಚ್ಚಿ, ಇಸ್ತ್ರಿ ಹಾಕಿ, ಮಕ್ಕಳ ಹೊಸ ನೋಟ್‌ಬುಕ್ಕುಗಳಿಗೆ ಬೈಂಡ್ ಹಾಕಿದೆವು. ಟಿಕೆಟ್ ಹಣದಲ್ಲಿ ಆಟೊ ಮಾರ್ಚ್‌ವರೆಗೆ ಓಡಿತು. ಏಪ್ರಿಲ್‌ನಲ್ಲಿ ಕಟ್ಟಡ ಮುಗಿಯಿತು, ಕುಟುಂಬಗಳು ಹಿಂಜವಡಿ ದಾಟಿ ಬೇರೆ ಸೈಟಿಗೆ ಹೋದವು. ಹುಡುಗಿಯ ಶಾಲೆ ಅಲ್ಲಿಗೆ ದೂರ. ಮಗು ಊರು ಬದಲಿಸಿದರೆ ಸಹಾಯವೂ ಹಿಂದೆ ಹೋಗಬೇಕು ಎಂಬುದು ನಮ್ಮ ಲೆಕ್ಕದಲ್ಲಿರಲಿಲ್ಲ. ಈ ಸಲದ ಹಣದಲ್ಲಿ ಒಂದು ಪಾಲನ್ನು ಹೊಸ ಸೈಟಿನ ಹತ್ತಿರದ ಶಾಲೆಯ ದಾಖಲಾತಿ, ವರ್ಗಾವಣೆ ಪತ್ರದ ಓಡಾಟಕ್ಕೆಂದು ಬೇರೆ ತೆಗೆದಿಡುತ್ತಿದ್ದೇವೆ.

ನಿಮ್ಮ ಊರಿನ ಕನ್ನಡ ಸಂಘದವರೂ ಇಂಥದ್ದು ಮಾಡಹೊರಟರೆ, ಕಾಗದ ಕತ್ತರಿಸುವ ಮೊದಲು ಹತ್ತಿರದ ಟೈಲರ್ ಒಬ್ಬರನ್ನು ಕರೆದು ಕೂರಿಸಿಕೊಳ್ಳಿ. ಯಾರಿಗಾಗಿ ಹಣ ಕೂಡಿಸುತ್ತೀರೋ ಆ ಮನೆಯ ತಾಯಿಯನ್ನೂ ಕರೆಯಿರಿ. ಎಲ್ಲಿ ಹರಿಯುತ್ತದೆಂದು ಇಬ್ಬರಿಗೂ ಗೊತ್ತಿರುತ್ತದೆ.