ಡೇರಿ ಅಳೆಯುವ ಲೇಸರ್ ಯಂತ್ರ: ಪರೀಕ್ಷಿಸುವುದು ಹೇಗೆ?



ಡೇರಿ ಘಟಕವನ್ನು ವಿಸ್ತರಿಸುವಾಗ ಹಳೆಯ ಕೊಳವೆಗಳಿಗೆ ಹೊಸದನ್ನು ಜೋಡಿಸಬೇಕಾಗುತ್ತದೆ. ಅಳತೆ 2 ಸೆಂಟಿಮೀಟರ್ ತಪ್ಪಿದರೂ ಕೊಳವೆ ಕೂಡುವುದಿಲ್ಲ. ಕೆಲಸ ನಿಲ್ಲುತ್ತದೆ, ಆ ಖರ್ಚು ಕೊನೆಗೆ ನಮ್ಮ ಸದಸ್ಯರ ಹಣದಿಂದಲೇ ಹೋಗುತ್ತದೆ. ಇಂತಹ ಅಳತೆಗೆ ಈಗ ಲೇಸರ್ ಸ್ಕ್ಯಾನರ್ ಬಳಸುತ್ತಾರೆ.

ಮುಕ್ಕಾಲಿಯ ಮೇಲೆ ತಿರುಗುವ ಈ ಯಂತ್ರ ಸುತ್ತಲೂ ಬೆಳಕಿನ ಕಿರಣ ಬಿಡುತ್ತದೆ. ಗೋಡೆ, ಕೊಳವೆಗಳಿಗೆ ತಾಗಿ ಮರಳಿದ ಬೆಳಕಿನಿಂದ ದೂರವನ್ನು ಲೆಕ್ಕ ಹಾಕುತ್ತದೆ. ಹೀಗೆ ಸೆಕೆಂಡಿಗೆ ಲಕ್ಷಾಂತರ ಬಿಂದುಗಳನ್ನು ಗುರುತಿಸುತ್ತದೆ. ಆದರೆ ಬಿಂದುಗಳ ಸಂಖ್ಯೆಗೆ ಮರುಳಾಗಬೇಡಿ. ಹಸು ಕೊಳ್ಳುವಾಗ ಮಾರುವವನ ಮಾತನ್ನಷ್ಟೇ ನಂಬದೆ ಎರಡು ಹೊತ್ತು ಕರೆದು ನೋಡುವುದಿಲ್ಲವೇ? ಇದನ್ನೂ ಹಾಗೆಯೇ ನಮ್ಮ ಡೇರಿಯಲ್ಲೇ ಪರೀಕ್ಷಿಸಬೇಕು.

1. ಹೊಳೆಯುವ ಸ್ಟೀಲ್ ಟ್ಯಾಂಕ್, ಗಾಜು, ಒದ್ದೆ ನೆಲ ಬೆಳಕನ್ನು ಬೇರೆಡೆಗೆ ತಿರುಗಿಸುತ್ತವೆ. ಅಲ್ಲಿ ತಪ್ಪು ಬಿಂದುಗಳು ಎಷ್ಟು ಬರುತ್ತವೆ ನೋಡಿ.

2. ಕಿರಣ ತಾಗದ ಜಾಗದ ಅಳತೆ ಸಿಗುವುದಿಲ್ಲ. ಟ್ಯಾಂಕಿನ ಹಿಂಬದಿಗೆ ಯಂತ್ರವನ್ನು ಬೇರೆ ಕಡೆ ಇಟ್ಟು ಮತ್ತೆ ಅಳೆಯಬೇಕು.

3. ಹಲವು ಕಡೆಯ ಅಳತೆಗಳನ್ನು ಕೂಡಿಸುವಾಗ ಸಣ್ಣ ತಪ್ಪುಗಳು ಬೆಳೆಯುತ್ತವೆ. ಕಟ್ಟಡದ ಎರಡು ತುದಿಗಳ ನಡುವಿನ ದೂರವನ್ನು ಬೇರೆ ಉಪಕರಣದಿಂದ ಅಳೆದು ತಾಳೆ ನೋಡಿ.

4. ಬಾಡಿಗೆಯ ಜೊತೆಗೆ ಕಂಪ್ಯೂಟರ್ ತಂತ್ರಾಂಶ ಮತ್ತು ನಕ್ಷೆ ತಯಾರಿಯ ವೆಚ್ಚವನ್ನೂ ಸೇರಿಸಿ ಕೇಳಿ. ಹೆಚ್ಚು ಸಮಯ ಹಿಡಿಯುವುದು ಈ ಕೆಲಸವೇ.

ವಿಸ್ತರಣೆಯ ವಿಷಯ ಮಹಾಸಭೆಗೆ ಬಂದಾಗ ಈ ನಾಲ್ಕನ್ನೂ ತಪ್ಪದೆ ಕೇಳಿರಿ.