ಗುಳಿಗೆಯೊಡನೆ ತಿಳಿವಳಿಕೆಯೂ ಬೇಕು

"ಸಕ್ಕರೆ ಸರಿಯಾಗಿದೆ ಎಂದು ರಕ್ತಪರೀಕ್ಷೆಯಲ್ಲಿ ಬಂತು ಫಾದರ್, ಗುಳಿಗೆ ನಿಲ್ಲಿಸಿಬಿಟ್ಟೆ." ಅಸ್ವಸ್ಥರನ್ನು ಕಾಣಲು ಮನೆಗಳಿಗೆ ಹೋದಾಗ ನಾವು ಪದೇ ಪದೇ ಕೇಳುವ ಮಾತಿದು. ಹೇಳುವವರಲ್ಲಿ ಹಠವಿಲ್ಲ, ಅಸಡ್ಡೆಯೂ ಇಲ್ಲ. ಜ್ವರ ಇಳಿದ ಮೇಲೆ ಮದ್ದು ಬಿಡುವಂತೆ ಇದನ್ನೂ ಬಿಟ್ಟಿದ್ದಾರೆ. ಸಕ್ಕರೆ ಹತೋಟಿಗೆ ಬಂದದ್ದು ಆ ಗುಳಿಗೆಯಿಂದಲೇ ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಪ್ರಿಯ ಓದುಗರೇ, ಈ ತಪ್ಪುಕಲ್ಪನೆಗೆ ತೆರಬೇಕಾದ ಬೆಲೆ ದೊಡ್ಡದು. ಮಧುಮೇಹವು ಬಹುಕಾಲ ಸದ್ದಿಲ್ಲದೆ ಕಣ್ಣು, ಮೂತ್ರಪಿಂಡ ಮತ್ತು ಪಾದಗಳ ನರಗಳನ್ನು ಕೆಡಿಸುತ್ತದೆ. ದೀರ್ಘಕಾಲದ ಕಾಯಿಲೆಗಳಲ್ಲಿ ಚಿಕಿತ್ಸೆಯ ಪಾಲನೆ ಮುಂದುವರಿದ ದೇಶಗಳಲ್ಲಿಯೂ ಸರಾಸರಿ ಶೇಕಡಾ 50ರಷ್ಟೇ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ವರದಿ ಮಾಡಿತು.

ಬೋಸ್ಟನ್ನಿನ ವೈದ್ಯ ಎಲಿಯಟ್ ಜೋಸ್ಲಿನ್ 1918ರಷ್ಟು ಹಿಂದೆಯೇ, ಇನ್ಸುಲಿನ್ ಬಳಕೆಗೆ ಬರುವ ಮೊದಲು, ವೈದ್ಯರಿಗೂ ರೋಗಿಗಳಿಗೂ ಉಪಯುಕ್ತವಾದ ಕೈಪಿಡಿಯೊಂದನ್ನು ಬರೆದರು. ಅವರ ದೃಷ್ಟಿಯಲ್ಲಿ ಕಲಿಸುವುದು ಚಿಕಿತ್ಸೆಯ ಒಂದು ಭಾಗವೇ ಆಗಿತ್ತು. ವರ್ಷದ ಬಹುತೇಕ ದಿನಗಳಲ್ಲಿ ಮಧುಮೇಹಿಯ ಬಳಿ ವೈದ್ಯರಿರುವುದಿಲ್ಲ. ಊಟದ ತಟ್ಟೆಯ ಮುಂದೆ ತೀರ್ಮಾನ ಮಾಡಬೇಕಾದವರು ಸ್ವತಃ ಅವರೇ.

ಕಲಿಸುವ ಬಗೆ ಹೇಗೆ? "ತಿಳಿಯಿತೇ?" ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. "ಈ ಗುಳಿಗೆಯನ್ನು ಮನೆಯಲ್ಲಿ ಯಾವಾಗ ನುಂಗುವಿರಿ? ಬೆವರು, ನಡುಕ ಬಂದರೆ ಏನು ಮಾಡುವಿರಿ?" ಎಂದು ರೋಗಿಯ ಬಾಯಿಂದಲೇ ಹೇಳಿಸುವುದು ಉತ್ತಮ ಕ್ರಮ. ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಅವರ ಕೈಯಿಂದಲೇ ಮಾಡಿಸಿ ನೋಡಬೇಕು. ತಪ್ಪಿದಲ್ಲಿ ಮತ್ತೆ ತಿಳಿಸಿ, ಮತ್ತೆ ಕೇಳಬೇಕು.

ಒಳಿತನ್ನು ನಿಜವಾಗಿ ಅರಿತವನು ಅದನ್ನೇ ಮಾಡುತ್ತಾನೆಂಬುದು ಸಾಕ್ರಟೀಸನ ವಾದ. ಅರಿತೂ ಎಡವುವವರುಂಟು ಎಂದವನು ಅರಿಸ್ಟಾಟಲ್. ಸದ್ಗುಣವು ಅಭ್ಯಾಸದಿಂದ ಬೆಳೆಯುತ್ತದೆಂದು ಅವನು ಬೋಧಿಸಿದ. ಆಸ್ಪತ್ರೆಯಲ್ಲಿ ಪಡೆದ ಅರಿವು ಅಭ್ಯಾಸವಾಗಿ ಬೆಳೆಯುವುದು ಮನೆಯಲ್ಲಿಯೇ. ಕ್ರಿಸ್ಮಸ್ ಹಬ್ಬದಲ್ಲಿ ಕುಸ್ವಾರಿನ ತಟ್ಟೆ ಚಾಚಿ "ಒಂದು ತಿಂದರೆ ಏನೂ ಆಗದು" ಎಂದು ಒತ್ತಾಯಿಸುವವರು ನಾವೇ ಅಲ್ಲವೇ? ಮರುದಿನ ಸಕ್ಕರೆ ಏರಿತೆಂದು ಗದರಿಸುವವರೂ ನಾವೇ.

ಗದರಿಸಿದರೆ ರೋಗಿ ಸತ್ಯವನ್ನು ಬಚ್ಚಿಡಲು ಕಲಿಯುತ್ತಾನೆ. ಗುಳಿಗೆ ಬಿಟ್ಟವರನ್ನು "ಏಕೆ ಬಿಟ್ಟಿರಿ?" ಎಂದು ಮೃದುವಾಗಿ ಕೇಳೋಣ. ಹಣದ ಅಡಚಣೆಯಿರಬಹುದು, ಹೊಟ್ಟೆ ಕೆಟ್ಟಿರಬಹುದು, ಸೂಜಿಯ ಭಯವಿರಬಹುದು. ಕಾರಣ ತಿಳಿದರೆ ವೈದ್ಯರು ಔಷಧವನ್ನೋ ಅದರ ಪ್ರಮಾಣವನ್ನೋ ಬದಲಿಸಿಯಾರು. ಆದುದರಿಂದ ಮುಂದಿನ ಭೇಟಿಗೆ ಮನೆಯವರೊಬ್ಬರು ಜೊತೆಗೆ ಹೋಗಿ, ಆ ಕಾರಣವನ್ನು ಸಂಕೋಚವಿಲ್ಲದೆ ವೈದ್ಯರ ಮುಂದಿಡಲಿ.