ಕಾಣುವುದು ಬೇರೆ, ಅಟ್ಟುವುದು ಬೇರೆ

ನನ್ನ ಶಾಲಾ ಶಿಕ್ಷಣ ಮರಾಠಿ ಮತ್ತು ಕನ್ನಡ ಎರಡೂ ಭಾಷೆಗಳಲ್ಲಿ ನಡೆದುದರಿಂದ ಒಂದೇ ಪ್ರಾಣಿಯನ್ನು ಎರಡು ಹೆಸರುಗಳಿಂದ ಅರಿಯುವ ಅವಕಾಶ ಎಳವೆಯಲ್ಲಿಯೇ ಒದಗಿತು. ಮರಾಠಿ ಪಾಠದಲ್ಲಿ ಅದು ‘ದೇವಮಾಸಾ’, ಅಂದರೆ ದೇವಮೀನು. ಕನ್ನಡ ಪಾಠದಲ್ಲಿ ಅದೇ ‘ತಿಮಿಂಗಿಲ’. ಈ ಎರಡನೆಯ ಹೆಸರು ಸಂಸ್ಕೃತದಿಂದ ಬಂದುದು. ‘ತಿಮಿ’ ಎಂಬ ಮಹಾಮತ್ಸ್ಯವನ್ನೇ ನುಂಗುವಂಥದು ಎಂಬುದು ಅದರ ಅರ್ಥ. ಒಂದು ನುಡಿ ಭಕ್ತಿಯಿಂದಲೂ ಇನ್ನೊಂದು ನುಡಿ ಭಯದಿಂದಲೂ ಹೆಸರಿಟ್ಟ ಈ ಜೀವಿ ವಾಸ್ತವದಲ್ಲಿ ಮೀನೇ ಅಲ್ಲ. ಶ್ವಾಸಕೋಶದಿಂದ ಉಸಿರಾಡುವ, ಮರಿ ಹಾಕಿ ಮೊಲೆಯೂಡಿಸುವ ಸ್ತನಿ ಅದು. ಡಾಲ್ಫಿನ್ ಸಹ ಇದೇ ಬಳಗಕ್ಕೆ ಸೇರಿದೆ. ನಮ್ಮ ನೆರೆಯ ಮಲಯಾಳ ಭಾಷೆಯಲ್ಲಿ ಅದಕ್ಕೆ ‘ಕಡಲ್‌ಪನ್ನಿ’, ಎಂದರೆ ಕಡಲಹಂದಿ ಎಂಬ ಹೆಸರುಂಟು. ಹೆಸರುಗಳ ಈ ಸ್ವಾರಸ್ಯವನ್ನು ತರಗತಿಯಲ್ಲಿ ಅನೇಕ ಸಲ ವಿವರಿಸಿದ್ದೇನೆ. ಆದರೆ ಆ ಜೀವಿಯ ಎದುರಿನಲ್ಲಿ ನಾವು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಕಲಿತದ್ದು ಬಹಳ ತಡವಾಗಿ, ಅದೂ ನನ್ನ ವಿದ್ಯಾರ್ಥಿಯೊಬ್ಬನಿಂದ.

ಕೆಲವು ವರ್ಷಗಳ ಹಿಂದೆ ವಿಭಾಗದ ಅಧ್ಯಯನ ಪ್ರವಾಸದಲ್ಲಿ ನಾವು ಕರಾವಳಿಗುಂಟ ಉತ್ತರಕ್ಕೆ ಸಾಗಿದ್ದೆವು. ಒಂದು ಊರಿನ ಕಡಲ ದಂಡೆಯಲ್ಲಿ ಡಾಲ್ಫಿನ್ ತೋರಿಸುವ ದೋಣಿಗಳು ನಿಂತಿದ್ದವು. ಕಾಣದಿದ್ದರೆ ಹಣ ವಾಪಸು ಎಂಬ ಭರವಸೆಯೂ ಇತ್ತು. ಎರಡು ದೋಣಿಗಳಲ್ಲಿ ಹೊರಟೆವು. ಸುಮಾರು ಅರ್ಧ ಗಂಟೆಯ ಬಳಿಕ ನೀರಿನ ಮೇಲೆ ಬೂದು ಬಣ್ಣದ ಒಂದು ಬೆನ್ನು, ಅದರ ಪಕ್ಕದಲ್ಲಿ ಇನ್ನೊಂದು ಚಿಕ್ಕ ಬೆನ್ನು ಕಾಣಿಸಿದವು. ಕೂಡಲೆ ನಮ್ಮ ದೋಣಿಯವರು ಇಂಜಿನ್ನಿನ ವೇಗ ಹೆಚ್ಚಿಸಿದರು. ಬೇರೆ ಮೂರು ದೋಣಿಗಳೂ ಎದುರು ದಿಕ್ಕಿನಿಂದ ಧಾವಿಸಿದವು. ಅವು ಮುಳುಗಿದೆಡೆಗೆ ನಾವು ನುಗ್ಗಿದೆವು. ಎದ್ದೆಡೆಗೆ ಮತ್ತೆ ತಿರುಗಿದೆವು. ಮಕ್ಕಳು ಕೇಕೆ ಹಾಕಿದರು. ನಾನೂ ಚಪ್ಪಾಳೆ ತಟ್ಟಿದೆನೆಂಬುದನ್ನು ಮುಚ್ಚಿಡಲಾರೆ. ದಡಕ್ಕೆ ಮರಳಿದ ಮೇಲೆ ಮೀನುಗಾರರ ಮನೆಯಿಂದ ಬಂದ ಹುಡುಗನೊಬ್ಬ ಮೆಲ್ಲನೆ ಹೇಳಿದ: “ಸರ್, ಅದು ಮರಿ ಇದ್ದ ತಾಯಿ. ಅದನ್ನು ಹಾಗೆ ಓಡಿಸಬಾರದಿತ್ತು. ನಮ್ಮ ಅಪ್ಪ ಆಗಿದ್ದರೆ ಇಂಜಿನ್ ನಿಲ್ಲಿಸುತ್ತಿದ್ದರು.” ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಬಳಿಕ ಈ ವಿಷಯದಲ್ಲಿ ಓದಿ ತಿಳಿದುದನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ನಮ್ಮ ಕಡಲಿನಲ್ಲಿ ಯಾರಿದ್ದಾರೆ ಎಂಬುದನ್ನು ನೋಡೋಣ. ಕಾಸರಗೋಡಿನ ತೀರದಿಂದ ಸಣ್ಣ ದೋಣಿಯಲ್ಲಿ ಹೊರಟವರಿಗೆ ದೊಡ್ಡ ತಿಮಿಂಗಿಲ ಕಾಣುವುದು ಅಪರೂಪ; ಎದುರಾಗುವುದು ಹೆಚ್ಚಾಗಿ ಡಾಲ್ಫಿನ್. ಅವುಗಳಲ್ಲಿಯೂ ದಡಕ್ಕೆ ತೀರ ಸಮೀಪದಲ್ಲಿ ಬಾಳುವುದು ಗೂನುಬೆನ್ನಿನ ಡಾಲ್ಫಿನ್. ಸಾಮಾನ್ಯವಾಗಿ 25 ಮೀಟರಿಗಿಂತ ಕಡಿಮೆ ಆಳದ ನೀರು, ಅದರಲ್ಲಿಯೂ ನದಿಗಳು ಕಡಲು ಸೇರುವ ಅಳಿವೆಗಳ ಆಸುಪಾಸು ಅದರ ನೆಲೆ. ಶಿರಿಯ, ಮೊಗ್ರಾಲ್, ಚಂದ್ರಗಿರಿ, ತೇಜಸ್ವಿನಿಯಂತಹ ಅನೇಕ ನದಿಗಳು ಪಡುಗಡಲನ್ನು ಸೇರುವ ನಮ್ಮ ಜಿಲ್ಲೆಯ ಅಂಚು ಇಂತಹ ಜೀವಿಗೆ ಒಪ್ಪುವ ತಾಣವಾಗಿದೆ. ಇದೇ ಕಾರಣದಿಂದ ಮೀನಿನ ಬಲೆ, ಕೊಳಚೆ, ಇಂಜಿನ್ನಿನ ಸದ್ದು ಎಲ್ಲವೂ ಮೊದಲು ತಟ್ಟುವುದು ಇದಕ್ಕೇ. ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟವು ಇದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಸೇರಿಸಿದೆ. ಇದೇ ನೀರಿನಲ್ಲಿ ಬೆನ್ನಿನ ಮೇಲೆ ಈಜುರೆಕ್ಕೆಯೇ ಇಲ್ಲದ ಪುಟ್ಟ ಪಾರ್ಪಾಯಿಸ್ ಎಂಬ ಪ್ರಾಣಿಯೂ ಇದೆ. ಅದು ನಾಚಿಕೆಯ ಸ್ವಭಾವದ್ದು. ಒಂದು ಕ್ಷಣ ಉಸಿರೆಳೆದು ಮರೆಯಾಗುತ್ತದೆ.

ಆಳ ಕಡಲಿನಲ್ಲಿ ತಿಮಿಂಗಿಲಗಳೂ ಇವೆ. ಅರಬ್ಬೀ ಸಮುದ್ರದ ಗೂನುಬೆನ್ನಿನ ತಿಮಿಂಗಿಲಗಳ ಕಥೆ ವಿಶೇಷವಾದುದು. ಬೇರೆ ಸಾಗರಗಳಲ್ಲಿ ಈ ಜಾತಿಯವು ಆಹಾರಕ್ಕಾಗಿ ಧ್ರುವಪ್ರದೇಶಕ್ಕೂ ಮರಿಗಳಿಗಾಗಿ ಬೆಚ್ಚನೆಯ ನೀರಿಗೂ ವರ್ಷವರ್ಷವೂ ವಲಸೆ ಹೋಗುತ್ತವೆ. ನಮ್ಮವು ಮಾತ್ರ ಈ ಒಂದೇ ಕಡಲಿನಲ್ಲಿ ಉಂಡು, ಹೆತ್ತು, ಬಾಳುತ್ತವೆ. ಉಳಿದ ಬಂಧುಗಳಿಂದ ಇವು ಬೇರ್ಪಟ್ಟು ಸುಮಾರು 70,000 ವರ್ಷಗಳಾಗಿವೆಯೆಂದು ವಂಶವಾಹಿ ಅಧ್ಯಯನಗಳು ತಿಳಿಸುತ್ತವೆ. ಒಮಾನಿನ ಕಡಲಿನಲ್ಲಿ ನಡೆದ ಗಣನೆಯ ಪ್ರಕಾರ ಅಲ್ಲಿ ಉಳಿದವು ನೂರಕ್ಕಿಂತ ಕಡಿಮೆ. 2017ರ ಕೊನೆಯಲ್ಲಿ ಅಲ್ಲಿನ ವಿಜ್ಞಾನಿಗಳು ಒಂದು ಹೆಣ್ಣು ತಿಮಿಂಗಿಲಕ್ಕೆ ಉಪಗ್ರಹಕ್ಕೆ ಸಂಕೇತ ಕಳುಹಿಸುವ ಪುಟ್ಟ ಉಪಕರಣವನ್ನು ಅಳವಡಿಸಿದರು. ಅದರ ಹೆಸರು ಲುಬಾನ್. ಅರಬ್ಬೀ ಭಾಷೆಯಲ್ಲಿ ಹಾಗೆಂದರೆ ಧೂಪದ ಅಂಟು. ನಮ್ಮ ‘ಲೋಬಾನ’ದ ಮೂಲವೂ ಅದೇ. ಲುಬಾನ್ ಅರಬ್ಬೀ ಸಮುದ್ರವನ್ನು ಅಡ್ಡ ದಾಟಿ ಗೋವೆಯ ಎದುರಿಗೆ ಬಂದಿತು. ಅಲ್ಲಿಂದ ಪಶ್ಚಿಮ ಕರಾವಳಿಗುಂಟ ದಕ್ಷಿಣದ ತುದಿಯ ಕಡೆಗೆ ಸಾಗಿತು. ಹಾಗಾದರೆ ನಮ್ಮ ಜಿಲ್ಲೆಯ ಎದುರಿನ ಕಡಲನ್ನು ಅದು ಹಾದುಹೋಗಿರಲೇಬೇಕು. ನಾವು ತರಗತಿಯಲ್ಲಿ ಪಾಠ ಮಾಡುತ್ತಿದ್ದ ದಿನಗಳಲ್ಲಿ ಅಂತಹ ಅತಿಥಿಯೊಂದು ಪಡುವಣದಲ್ಲಿ ಹಾದುಹೋದುದು ನಮ್ಮ ಗಮನಕ್ಕೇ ಬರಲಿಲ್ಲ.

ಇನ್ನು ದೋಣಿ ಬೆನ್ನಟ್ಟಿದರೆ ಆಗುವ ಕೇಡೇನು? ಡಾಲ್ಫಿನ್ ವೇಗವಾಗಿ ಈಜಬಲ್ಲದು, ತಪ್ಪಿಸಿಕೊಂಡು ಹೋಗುತ್ತದೆ ಎಂದು ತೋರಬಹುದು. ಇದನ್ನು ಅರಿಯಲು ಮೂರು ಸಂಗತಿಗಳನ್ನು ನೆನೆಯಬೇಕು.

ಮೊದಲನೆಯದು ಸದ್ದು. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸಿದರೆ ನೀರಿನಲ್ಲಿ ಸುಮಾರು 1,500 ಮೀಟರ್ ಚಲಿಸುತ್ತದೆ. ಕಲಕಿದ ನೀರಿನಲ್ಲಿ ಡಾಲ್ಫಿನ್ನಿಗೆ ಕಣ್ಣಿಗಿಂತ ಕಿವಿಯೇ ಆಧಾರ. ತಾನು ಹೊರಡಿಸಿದ ಸದ್ದಿನ ಮರುದನಿಯಿಂದ ಅದು ಮೀನನ್ನು ಹುಡುಕುತ್ತದೆ. ದನಿಯಿಂದಲೇ ತಾಯಿ ಮರಿಯನ್ನು ಕರೆಯುತ್ತದೆ. ನಾಲ್ಕು ಇಂಜಿನ್ನುಗಳು ಸುತ್ತುವರಿದು ಮೊರೆದಾಗ ಅದರ ಪಾಲಿಗೆ ದಾರಿ, ಊಟ, ಮಾತು ಮೂರೂ ಒಮ್ಮೆಗೇ ಕಲಸಿಹೋಗುತ್ತವೆ.

ಎರಡನೆಯದು ಉಸಿರು ಮತ್ತು ವಿಶ್ರಾಂತಿ. ಉಸಿರಿಗಾಗಿ ಮೇಲೇಳದೆ ಅದಕ್ಕೆ ಗತ್ಯಂತರವಿಲ್ಲ. ಆದ್ದರಿಂದಲೇ ಡಾಲ್ಫಿನ್ನುಗಳು ಮಿದುಳಿನ ಒಂದು ಪಾಲನ್ನು ಮಾತ್ರ ಮಲಗಿಸಿ, ಇನ್ನೊಂದನ್ನು ಎಚ್ಚರವಿಟ್ಟು ನಿಧಾನವಾಗಿ ಈಜುತ್ತಾ ದಣಿವಾರಿಸಿಕೊಳ್ಳುತ್ತವೆ. ನಮಗೆ ಸುಮ್ಮನೆ ತೇಲುತ್ತಿರುವಂತೆ ಕಾಣುವ ಗುಂಪು ನಿದ್ರಿಸುತ್ತಿರಬಹುದು. ಮರಿಯು ಮೊಲೆಯುಣ್ಣುವುದೂ ಇಂತಹ ನೆಮ್ಮದಿಯ ಹೊತ್ತಿನಲ್ಲಿಯೇ.

ಮೂರನೆಯದು ಲೆಕ್ಕಾಚಾರ. ಒಂದು ದೋಣಿ ಒಮ್ಮೆ ಅಟ್ಟಿದರೆ ಹಾನಿ ಅಲ್ಪವೆನ್ನಿಸಬಹುದು. ಆದರೆ ದಿನಕ್ಕೆ ಹತ್ತು ಸಲ, ವಾರದ ಏಳು ದಿನವೂ ಅದೇ ಗುಂಪನ್ನು ಅಟ್ಟಿದರೆ? ಆಸ್ಟ್ರೇಲಿಯದ ಪಶ್ಚಿಮ ತೀರದ ಶಾರ್ಕ್ ಬೇ ಎಂಬಲ್ಲಿ ವಿಜ್ಞಾನಿಗಳು ಅನೇಕ ವರ್ಷ ಡಾಲ್ಫಿನ್ನುಗಳನ್ನು ಗಮನಿಸಿದರು. ಪ್ರವಾಸಿ ದೋಣಿ ನಡೆಸುವವರ ಸಂಖ್ಯೆ ಒಂದರಿಂದ ಎರಡಕ್ಕೆ ಏರಿದಾಗ ಆ ಭಾಗದಲ್ಲಿ ಡಾಲ್ಫಿನ್ನುಗಳು ಏಳಕ್ಕೆ ಒಂದರಂತೆ ಕಡಿಮೆಯಾದವು. 2006ರಲ್ಲಿ ಪ್ರಕಟವಾದ ಈ ಅಧ್ಯಯನ ಹೇಳುತ್ತಿರುವುದು ನಿಯಮಗಳಿಗೆ ಹೆಸರಾದ ದೇಶವೊಂದರ ಸ್ಥಿತಿಯನ್ನು. ಗೂನುಬೆನ್ನಿನ ಡಾಲ್ಫಿನ್ ಸುಮಾರು ಮೂರು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುವುದರಿಂದ ಇಲ್ಲಿ ಆದ ನಷ್ಟ ಬೇಗನೆ ತುಂಬಿಬರುವಂಥದಲ್ಲ.

ಹಾಗಾದರೆ ನೋಡಲೇ ಬಾರದೆ? ಅವಶ್ಯವಾಗಿ ನೋಡಬಹುದು. ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗವು 1996ರಲ್ಲಿಯೇ ಇದಕ್ಕೆ ಸಾಮಾನ್ಯ ತತ್ತ್ವಗಳನ್ನು ರೂಪಿಸಿತು. ಬೇರೆ ಬೇರೆ ದೇಶಗಳು ಅದೇ ಜಾಡಿನಲ್ಲಿ ನಿಯಮ ಮಾಡಿಕೊಂಡಿವೆ. ಅವುಗಳ ಸಾರವನ್ನು ನಮ್ಮ ನಾಡದೋಣಿಗೆ ಅನ್ವಯಿಸಿ ಹೀಗೆ ಹೇಳಬಹುದು.

ದೂರದಲ್ಲಿ ಬೆನ್ನು ಕಂಡೊಡನೆ ದೋಣಿಯನ್ನು ನಿಧಾನಗೊಳಿಸಬೇಕು. ಹಿಂದೆ ಅಲೆ ಏಳದಷ್ಟು ಮಂದಗತಿಯಿರಬೇಕು. ಎದುರಿನಿಂದ ಹೋಗಿ ದಾರಿಗಡ್ಡ ನಿಲ್ಲಬಾರದು, ನೇರವಾಗಿ ಹಿಂದಿನಿಂದ ಬೆನ್ನು ಹತ್ತಲೂ ಬಾರದು. ಪಕ್ಕದಿಂದ ಬಂದು, ಅವು ಸಾಗುವ ದಿಕ್ಕಿಗೆ ಸಮಾನಾಂತರವಾಗಿ ಸಾಗುವುದು ಸರಿಯಾದ ಕ್ರಮ. ಆಸ್ಟ್ರೇಲಿಯದ ರಾಷ್ಟ್ರೀಯ ಮಾರ್ಗಸೂಚಿಯಂತೆ ಡಾಲ್ಫಿನ್ನಿಗೆ 50 ಮೀಟರಿಗಿಂತ, ತಿಮಿಂಗಿಲಕ್ಕೆ 100 ಮೀಟರಿಗಿಂತ ಸಮೀಪಕ್ಕೆ ದೋಣಿಯನ್ನು ಒಯ್ಯಬಾರದು. ನೂರು ಮೀಟರೆಂದರೆ ನಮ್ಮ ಊರಿನ ಫುಟ್‌ಬಾಲ್ ಮೈದಾನದ ಉದ್ದ. ಐವತ್ತೆಂದರೆ ಅದರ ಅರ್ಧ. ಈ ಅಳತೆ ಕಣ್ಣಿಗೆ ಹಿಡಿದರೆ ಸಾಕು, ಬೇರೆ ಉಪಕರಣ ಬೇಕಿಲ್ಲ. ಒಂದು ಗುಂಪಿನ ಸುತ್ತ ಒಮ್ಮೆಗೆ ಮೂರಕ್ಕಿಂತ ಹೆಚ್ಚು ದೋಣಿಗಳು ಇರಬಾರದು. ಉಳಿದವರು ದೂರದಲ್ಲಿ ಸರದಿ ಕಾಯಬೇಕು. ಎಷ್ಟೇ ಚೆನ್ನಾಗಿ ಕಾಣುತ್ತಿದ್ದರೂ ಅರ್ಧ ಗಂಟೆಯೊಳಗೆ ಹಿಂದೆ ಸರಿಯಬೇಕು.

ತಾಯಿ ಮತ್ತು ಮರಿಯ ನಡುವೆ ದೋಣಿ ಹಾಯಿಸುವುದಂತೂ ಕೂಡದೇ ಕೂಡದು; ಮರಿಯಿರುವ ಗುಂಪಿನಿಂದ ಇನ್ನೂ ದೂರವಿರುವುದು ಲೇಸು. ಕೆಲವೊಮ್ಮೆ ಡಾಲ್ಫಿನ್ನುಗಳು ತಾವಾಗಿಯೇ ದೋಣಿಯ ಮೂತಿಯ ಬಳಿ ಬಂದು ಈಜುತ್ತವೆ. ಆಗ ಹಠಾತ್ತನೆ ತಿರುಗದೆ, ವೇಗ ಬದಲಿಸದೆ ಇದ್ದ ಹಾಗೆಯೇ ಸಾಗಬೇಕು. ಮೀನು ಎಸೆದು ಕರೆಯುವುದು, ನೀರಿಗೆ ಧುಮುಕುವುದು, ದೋಣಿಯ ಬದಿಗೆ ಬಡಿದು ಸದ್ದು ಮಾಡುವುದು ಸಲ್ಲವು. ಅವು ಪದೇ ಪದೇ ದಿಕ್ಕು ಬದಲಿಸಿದರೆ, ಹೆಚ್ಚು ಹೊತ್ತು ಮುಳುಗಿದರೆ, ಒತ್ತಾಗಿ ಗುಂಪುಗೂಡಿದರೆ ‘ಸಾಕು, ಹೋಗಿ’ ಎಂಬುದು ಅವುಗಳ ಮಾತೆಂದು ತಿಳಿದು ಮರಳಬೇಕು.

ಇದು ಸೌಜನ್ಯದ ಮಾತಷ್ಟೇ ಅಲ್ಲ, ಕಾನೂನಿನ ಮಾತೂ ಹೌದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಎಂದರೆ ಹುಲಿ ಆನೆಗಳ ಸಾಲಿನಲ್ಲಿ, ಈ ಕಡಲ ಸ್ತನಿಗಳಿಗೆ ಸ್ಥಾನವಿದೆ. ಭಾಷೆಯ ವಿದ್ಯಾರ್ಥಿಗಳು ಗಮನಿಸಬೇಕಾದುದು ಆ ಕಾಯ್ದೆಯು ‘ಬೇಟೆ’ ಎಂಬ ಪದಕ್ಕೆ ಕೊಟ್ಟ ಅರ್ಥವ್ಯಾಪ್ತಿಯನ್ನು. ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲದೆ ಬೆನ್ನಟ್ಟುವುದು, ಅಟ್ಟಿಕೊಂಡು ಹೋಗುವುದು, ಆಮಿಷವೊಡ್ಡುವುದು, ಅಂತಹ ಪ್ರಯತ್ನ ಮಾಡುವುದು ಕೂಡ ಅಲ್ಲಿ ಬೇಟೆಯೇ. ಕನ್ನಡದ ‘ಬೇಟೆ’ ಎಂಬ ಮಾತನ್ನು ಕೇಳಿದೊಡನೆ ನಮ್ಮ ಕಣ್ಣಿಗೆ ಬಿಲ್ಲು, ಬಂದೂಕು, ಕಾಡು ಬರುತ್ತವೆ. ಟಿಕೇಟು ಕೊಂಡು, ಮೊಬೈಲ್ ಹಿಡಿದು, ನಗುನಗುತ್ತಾ ದೋಣಿಯಲ್ಲಿ ಕುಳಿತವರು ಕಣ್ಣಿಗೆ ಬರುವುದಿಲ್ಲ. ಆ ದಿನ ನಾನು ಚಪ್ಪಾಳೆ ತಟ್ಟಿದ್ದು ಯಾವುದಕ್ಕೆಂಬುದು ಈ ಪದದ ಅರ್ಥವನ್ನು ಓದಿದಾಗ ನನಗೆ ಹೊಳೆಯಿತು.

ನಮ್ಮ ಜಿಲ್ಲೆಗೆ ಇದು ದೂರದ ವಿಚಾರವಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ 2012ರಲ್ಲಿ ಕೇರಳದ ದಡಕ್ಕೆ ಬಂದ ಬೂತಾಯಿ ಮೀನು ನಾಲ್ಕು ಲಕ್ಷ ಟನ್ನಿನ ಸಮೀಪವಿತ್ತು; 2021ರಲ್ಲಿ ಅದು ಮೂರೂವರೆ ಸಾವಿರ ಟನ್ನಿಗಿಂತಲೂ ಕೆಳಗಿಳಿಯಿತು. ಬಲೆ ಬರಿದಾದ ವರ್ಷಗಳಲ್ಲಿ ದೋಣಿಯುಳ್ಳ ಯುವಕರು ಪ್ರವಾಸಿಗರ ಕಡೆಗೆ ನೋಡುವುದು ಸಹಜ. ಬೇಕಲಕ್ಕೆ, ವಲಿಯಪರಂಬಕ್ಕೆ ಜನ ಬರುತ್ತಲೇ ಇದ್ದಾರೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೂ ಕೆಲವರು ಈ ಯೋಚನೆಯಲ್ಲಿದ್ದಾರೆ. ಅವರ ಹೊಟ್ಟೆಪಾಡನ್ನು ಅಲ್ಲಗಳೆಯುವ ಅಧಿಕಾರ ಸಂಬಳ ಪಡೆಯುವ ನನಗಿಲ್ಲ. ಆದರೆ ತಂಡೇಲನನ್ನು ಅಟ್ಟುವಂತೆ ಮಾಡುವುದು ಬಹುಮಟ್ಟಿಗೆ ಪ್ರವಾಸಿಗನ ಅವಸರವೇ. ‘ಕಾಣದಿದ್ದರೆ ಹಣ ವಾಪಸು’ ಎಂಬ ಕರಾರು ಇರುವ ತನಕ ಅವನು ಅಟ್ಟಿಯೇ ತೀರಬೇಕಾಗುತ್ತದೆ. ಕಡಲ ವಿಹಾರಕ್ಕೆ ಹಣ ಕೊಟ್ಟೆವು, ಕಂಡರೆ ಅದು ನಮ್ಮ ಪುಣ್ಯ ಎಂದು ಒಪ್ಪಿಕೊಂಡರೆ ಅವನೂ ಇಂಜಿನ್ ನಿಲ್ಲಿಸಬಲ್ಲ.

ಹಾಗೆ ನಿಲ್ಲಿಸುವ ವಿವೇಕ ನಮ್ಮ ಕರಾವಳಿಗೆ ಹೊಸದೇನೂ ಅಲ್ಲ. ಕೊಲ್ಲಂ ಸಮೀಪದ ಅಷ್ಟಮುಡಿ ಅಳಿವೆಯಲ್ಲಿ ಡಾಲ್ಫಿನ್ನುಗಳು ಮೀನಿನ ಹಿಂಡನ್ನು ದಡದತ್ತ ತರುಬುತ್ತವೆ. ಬೀಸುಬಲೆ ಹಿಡಿದ ಬೆಸ್ತರು ಆ ಗಳಿಗೆಗಾಗಿ ಕಾದು ನಿಂತು ಬಲೆ ಬೀಸುತ್ತಾರೆ. ಚದುರಿದ ಮೀನು ಡಾಲ್ಫಿನ್ನಿನ ಪಾಲಾಗುತ್ತದೆ. ಕಾಯುವವನಿಗೆ ಕಡಲು ಕೊಡುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ದೋಣಿಯೇ ಬೇಕೆಂದೂ ಇಲ್ಲ. ಗೂನುಬೆನ್ನಿನ ಡಾಲ್ಫಿನ್ ದಡದ ಬಳಿಯ ಜೀವಿಯಾದುದರಿಂದ, ಕಡಲು ತಣ್ಣಗಿರುವ ಮುಂಜಾವದಲ್ಲಿ ಕೋಟೆಯ ಬುರುಜಿನಂತಹ ಎತ್ತರದ ತಾಣದಲ್ಲಿ ದುರ್ಬೀನು ಹಿಡಿದು ತಾಳ್ಮೆಯಿಂದ ಕುಳಿತವರಿಗೂ ಅದನ್ನು ಕಾಣುವ ಅವಕಾಶವಿದೆ. ಅಲ್ಲಿ ಯಾರಿಗೂ ತೊಂದರೆಯಿಲ್ಲ, ಖರ್ಚೂ ಇಲ್ಲ.

ಮುಂದಿನ ಅಧ್ಯಯನ ಪ್ರವಾಸದಲ್ಲಿ ದೋಣಿ ಹತ್ತುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳುವುದೆಂದು ನಾವು ವಿಭಾಗದಲ್ಲಿ ನಿಶ್ಚಯಿಸಿದ್ದೇವೆ. ಎಲ್ಲರಿಗೂ ತೇಲುವ ಜಾಕೆಟ್ ಇದೆಯೆ? ಡಾಲ್ಫಿನ್ ಕಂಡಾಗ ದೋಣಿಯನ್ನು ಎಷ್ಟು ದೂರದಲ್ಲಿ ನಿಲ್ಲಿಸುತ್ತೀರಿ? ಮರಿ ಇದ್ದರೆ ಹಿಂದಿರುಗುತ್ತೀರಾ? ಎರಡನೆಯ, ಮೂರನೆಯ ಪ್ರಶ್ನೆಗಳಿಗೆ ಸಮಾಧಾನದ ಉತ್ತರ ಸಿಗದಿದ್ದರೆ ದಂಡೆಯಲ್ಲಿಯೇ ಕುಳಿತು ಬರುವುದು. ಪ್ರಶ್ನೆ ಕೇಳುವ ಹೊಣೆಯನ್ನು ಮೀನುಗಾರರ ಮನೆಯ ಮಕ್ಕಳಿಗೇ ಒಪ್ಪಿಸಲಾಗಿದೆ. ಈ ವಿಷಯದಲ್ಲಿ ಅವರು ಗುರುಗಳು, ನಾನು ವಿದ್ಯಾರ್ಥಿ.